ಬಸುರಿ ಸೇತುವೆಯ ತವರುಮನೆ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಕೇಳಿದವರನ್ನೇ ಹುಡುಕಿಕೊಂಡು ಬನ್ನಿ ಅಂತ ಕಳಿಸಿಬಿಡುತ್ತೇನೆ, ಒಂದು ಹೊಳೆ ಇತ್ತು. ಅದರ ಹೆಸರು ಗೊಣಗಲು ಹೊಳೆ. ಬೆಳಗಾದರೆ ಗೊಣಗು, ಬೈಗಾದರೆ ಗೊಣಗು. ಕಲ್ಲು ಅಡ್ಡ ಬಂದರೆ ಕಲ್ಲಿನ ಮೇಲೆ ಗೊಣಗು, ಮೀನು ಅಡ್ಡ ಬಂದರೆ ಮೀನಿನ ಮೇಲೆ ಗೊಣಗು. ಹೊಳೆಯ ಈಚೆ ದಡಕ್ಕೆ ಕಡ್ಲೆಪುರಿ ದೇಶ, ಆಚೆ ದಡಕ್ಕೆ ಮಂಡಕ್ಕಿ ದೇಶ. ಎರಡೂ ಒಂದೇ ಅಲ್ಲವೇ ಅಂತ ನಗುತ್ತಿದ್ದೀರಿ. ಇಲ್ಲಿ ಕೂತು ನಗುವುದು ಸುಲಭ, ಅಲ್ಲಿ ಹೋಗಿ ನಕ್ಕಿದ್ದರೆ ಗೊತ್ತಾಗುತ್ತಿತ್ತು. ಈಚೆಯವರು ಹುರಿದರೆ ಕಡ್ಲೆಪುರಿ, ಅದನ್ನೇ ಆಚೆಯವರು ಹುರಿದರೆ ಮಂಡಕ್ಕಿ, ಎರಡಕ್ಕೂ ಅಜಗಜಾಂತರ ಅಂತ ಎರಡೂ ಕಡೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು.

ಕಡ್ಲೆಪುರಿ ದೇಶದ ರಾಜ ಬೆಟ್ಟರಸ. ಅವನಿಗೆ ಮೀಸೆಯದೇ ಚಿಂತೆ. ಎಡಮೀಸೆ, ಬಲಮೀಸೆ ಎರಡೂ ಒಂದೇ ತೂಕ ಇರಬೇಕು. ದಿನಾ ಬೆಳಗ್ಗೆ ಅಕ್ಕಸಾಲಿಗ ಬಂದು ಮುಖಕ್ಕೆ ತಕ್ಕಡಿ ಹಿಡಿಯಬೇಕು. ಎಡಗಡೆ ಭಾರ ಬಂದರೆ ಅವತ್ತು ರಾಜ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದ, ಹಿಂದೆ ಮಂತ್ರಿಗಳೂ ವಾಲಿಕೊಂಡು ನಡೆಯುತ್ತಿದ್ದರು. ಮಂಡಕ್ಕಿ ದೇಶದ ರಾಜ ಸಿಂಗರಸ. ಅವನಿಗೆ ನೆರಳಿನ ಚಿಂತೆ. ರಾಜನ ನೆರಳು ಮಣ್ಣಿನ ಮೇಲೆ ಬಿದ್ದರೆ ಕೊಳೆಯಾಗುತ್ತದಂತೆ. ಅವನು ಹೊರಟ ಕಡೆಗೆಲ್ಲ ಆಳುಗಳು ಚಾಪೆ ಹಾಸಿಕೊಂಡು ಓಡಬೇಕು. ನಡುಮಧ್ಯಾಹ್ನ ನೆರಳು ಕಾಲಡಿಗೆ ಸೇರಿಕೊಳ್ಳುತ್ತಿತ್ತು, ಆಳುಗಳು ಊಟ ಮಾಡುತ್ತಿದ್ದುದು ಆಗಲೇ.

ಈ ಎರಡು ದೇಶಗಳ ನಡುವೆ ಒಂದು ಸೇತುವೆ. ಅರ್ಧ ಈಚೆಯವರು ಕಟ್ಟಿದ್ದು, ಅರ್ಧ ಆಚೆಯವರು ಕಟ್ಟಿದ್ದು. ಸೇತುವೆ ಆದ ದಿನ ದೋಣಿಗಳೆಲ್ಲ ಮುನಿಸಿಕೊಂಡವು. ಇನ್ನು ನಮ್ಮನ್ನು ಕೇಳುವವರು ಯಾರು ಅಂತ ಹೊಳೆಗುಂಟ ಸಮುದ್ರಕ್ಕೆ ಹೋಗಿ ಹಡಗುಗಳ ಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡವು. ಈಜಿಕೊಂಡು ಹೋಗೋಣ ಅಂದರೆ ಹೊಳೆಗೆ ಕಚಗುಳಿ. ಈಜಲು ಇಳಿದವರನ್ನು ಎತ್ತಿ ಅದೇ ದಡಕ್ಕೆ ಎಸೆದುಬಿಡುತ್ತಿತ್ತು. ಹಾಗಾಗಿ ಆಚೆ ಈಚೆ ಹೋಗಬೇಕಾದರೆ ಸೇತುವೆಯೊಂದೇ ದಾರಿ. ಇಷ್ಟು ತಲೆಯಲ್ಲಿ ಇಟ್ಟುಕೊಳ್ಳಿ, ಮತ್ತೆ ಮತ್ತೆ ಹೇಳುವುದಿಲ್ಲ.

ಈಚೆ ದಡದಲ್ಲಿ ದ್ಯಾವೀರಮ್ಮ ಅಂತ ಒಬ್ಬಳಿದ್ದಳು. ಹೊಳೆ ಪಕ್ಕದಲ್ಲೇ ಮನೆ, ಮನೆ ಮುಂದೆ ಪುರಿಭಟ್ಟಿ. ಗಂಡ ತೀರಿಕೊಂಡಿದ್ದ. ಇದ್ದೊಬ್ಬಳು ಮಗಳು ಚೆಲುವಿಯನ್ನು ಆಚೆ ದಡಕ್ಕೆ ಕೊಟ್ಟಿದ್ದಳು. ಸೇತುವೆ ಇದೆಯಲ್ಲ, ಹಿತ್ತಲಿಗೆ ಕೊಟ್ಟ ಹಾಗೆಯೇ ಅಂದುಕೊಂಡಿದ್ದಳು. ಅಳಿಯ ಗುಣದಲ್ಲಿ ಅಪರಂಜಿ, ಆದರೆ ಹಾಲು ಉಕ್ಕಿದರೂ ಮೂರ್ಛೆ ಹೋಗುವ ಆಸಾಮಿ. ಆ ಮನೆಯಲ್ಲಿ ಅತ್ತೆ ಇಲ್ಲ, ನಾದಿನಿ ಇಲ್ಲ. ಈಗ ಚೆಲುವಿಗೆ ಏಳು ತಿಂಗಳು, ಚೊಚ್ಚಲ ಬಸುರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಕಡ್ಲೆಪುರಿಯವರಿಗೂ ಮಂಡಕ್ಕಿಯವರಿಗೂ ಜಗಳವಿಲ್ಲದ ಮಾತು ಅಂದರೆ ಇದೊಂದೇ.

ಒಳ್ಳೆಯ ದಿನ ನೋಡಿ ದ್ಯಾವೀರಮ್ಮ ಮಗಳನ್ನು ಕರೆತರಲು ಹೊರಟಳು. ಮಡಿಲು ತುಂಬುವುದಕ್ಕೆ ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲ, ಎಲೆ ಅಡಿಕೆ. ಉಡಿಸುವುದಕ್ಕೆ ಹಸಿರು ಸೀರೆ, ತೊಡಿಸುವುದಕ್ಕೆ ಹಸಿರು ಬಳೆ. ಬಾಯಿ ಚಪಲಕ್ಕೆ ಹುಣಸೆ ಚಿಗಳಿ, ಕೋಡುಬಳೆ. ಎಲ್ಲವನ್ನೂ ಕುಕ್ಕೆಯಲ್ಲಿಟ್ಟು ತಲೆ ಮೇಲೆ ಹೊತ್ತು ಬಂದು ಸೇತುವೆ ಮೇಲೆ ಬಲಗಾಲು ಇಟ್ಟಳು.

"ಮೆತ್ತಗೆ ಕಣಮ್ಮಾ," ಅಂದಿತು ಸೇತುವೆ. "ನಾನು ಬಸುರಿ."

ಆ ದೇಶದಲ್ಲಿ ಸೇತುವೆ ಮಾತಾಡುವುದು ಹೊಸದೇನಲ್ಲ. ಆದರೆ ಅದುವರೆಗೆ ಬರೀ ಮಳೆ ಬಿಸಿಲಿನ ಮಾತು ಆಡುತ್ತಿತ್ತು, ಇಂಥ ಒಳಗಿನ ಮಾತು ಆಡಿರಲಿಲ್ಲ. ದ್ಯಾವೀರಮ್ಮ ಇಟ್ಟ ಕಾಲು ತೆಗೆದಳು. ಕುಕ್ಕೆ ಇಳಿಸಿದಳು. ಹೆಂಗಸಾದವಳು ಏನು ಕೇಳಬೇಕೋ ಅದನ್ನೆಲ್ಲ ಕೇಳಿದಳು. ತಿಂಗಳು ಎಷ್ಟು ಅಂದರೆ ಏಳು. ವಾಂತಿ ಇತ್ತಾ ಅಂದರೆ, ಇತ್ತು, ಒಂದು ಎತ್ತಿನ ಗಾಡಿಯನ್ನೇ ಕಕ್ಕಿಬಿಟ್ಟೆ, ಎತ್ತುಗಳು ಇನ್ನೂ ಬೇಜಾರು ಮಾಡಿಕೊಂಡಿವೆ ಅಂದಿತು. ಬಯಕೆ ಏನು ಅಂದರೆ ಸುಣ್ಣ, ಇಟ್ಟಿಗೆ ಚೂರು. ಕೊನೆಗೆ ಗಂಡ ಯಾರು ಅಂದಳು. ಸೇತುವೆಗೆ ನಾಚಿಕೆಯಾಗಿ ಕಲ್ಲೆಲ್ಲ ಕೆಂಪಾಯಿತು. ಬಿಸಿಲು ಮಳೆ ಒಟ್ಟಿಗೆ ಬಂದ ದಿನ ಕಾಗೆಗೂ ನರಿಗೂ ಮದುವೆ ಆಗುತ್ತದಲ್ಲ, ಅದೇ ಚಪ್ಪರದಲ್ಲಿ ನನಗೂ ಕಾಮನಬಿಲ್ಲಿಗೂ ಆಯಿತು ಅಂದಿತು. ಅವರದೂ ನನ್ನ ಹಾಗೆ ಬಾಗಿದ ಬೆನ್ನು, ಕೆಲಸ ಆಕಾಶದಲ್ಲಿ, ಬಿಡುವಾದಾಗ ಬಂದು ಹೋಗುತ್ತಾರೆ ಅಂದಿತು. ಸಂಬಂಧ ಚೆನ್ನಾಗಿದೆ ಅಂತ ದ್ಯಾವೀರಮ್ಮ ಒಪ್ಪಿದಳು.

ಆದರೆ ಈ ಸುದ್ದಿ ಎರಡೂ ಅರಮನೆಗೆ ಮುಟ್ಟಿತು. ಬಸುರಿ ಭಾರ ಹೊರಬಾರದು, ಆದ್ದರಿಂದ ಸೇತುವೆ ಮೇಲೆ ಯಾರೂ ಕಾಲಿಡಬಾರದು ಅಂತ ಬೆಟ್ಟರಸ ಈಚೆ ಡಂಗುರ ಹೊಡೆಸಿದ. ಸಿಂಗರಸನೂ ಆಚೆ ಅದೇ ಮಾತನ್ನು ಅದೇ ಹೊತ್ತಿಗೆ ಹೊಡೆಸಿದ. ಎರಡೂ ಬೇರೆ ಬೇರೆ ಡಂಗುರ ಅಂತ ಎರಡೂ ಕಡೆ ಒತ್ತಿ ಹೇಳಿದರು.

ಅಲ್ಲಿಗೆ ದ್ಯಾವೀರಮ್ಮನ ದಾರಿ ಮುಚ್ಚಿತು. ಈಚೆ ದಡದಲ್ಲಿ ಅವ್ವ, ಆಚೆ ದಡದಲ್ಲಿ ಮಗಳು. ಕೂಗಿ ಮಾತಾಡೋಣ ಅಂದರೆ ಹೊಳೆಯ ಗೊಣಗಿನಲ್ಲಿ ಒಂದಕ್ಷರ ಕೇಳಿಸದು. ಚೆಲುವಿ ಒಂದು ಕೈ ಹೊಟ್ಟೆ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಬಾ ಬಾ ಅನ್ನುತ್ತಿದ್ದಳು. ಹಿಂದೆ ಅವಳ ಗಂಡ ಆಗಲೇ ಮೂರ್ಛೆ ಹೋಗಿ ಬಿದ್ದಿದ್ದ. ದ್ಯಾವೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೆಣ್ಣು ಕೊಟ್ಟ ಮನೆ ಕಣ್ಣಿಗೆ ಕಾಣುತ್ತಿದೆ, ಕೈಗೆ ಸಿಗುತ್ತಿಲ್ಲ. ಇದಕ್ಕಿಂತ ಸಂಕಟ ಬೇರೆ ಯಾವುದಿದೆ ಹೇಳಿ.

ಅವಳು ನೆಟ್ಟಗೆ ಅರಮನೆಗೆ ಹೋದಳು. ಈ ಸೇತುವೆಗೆ ಹೆರಿಗೆ ಯಾವಾಗ ಆಗುತ್ತೆ ಅಂತ ಕೇಳಿದಳು. ಆಸ್ಥಾನ ಪಂಡಿತ ಕಣ್ಣು ಮುಚ್ಚಿ ಲೆಕ್ಕ ಹಾಕಿದ. ಇಲಿ ಚಿಕ್ಕದು, ಬೇಗ ಹೆರುತ್ತದೆ. ಆನೆ ದೊಡ್ಡದು, ತಡವಾಗಿ ಹೆರುತ್ತದೆ. ಸೇತುವೆ ಆನೆಗಿಂತ ದೊಡ್ಡದು, ಆದ್ದರಿಂದ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಹೆರಬಹುದು ಅಂದ. ಆಮೇಲೆ ಪಂಡಿತ ಇನ್ನೊಂದು ಮಾತು ಸೇರಿಸಿದ. ಚೊಚ್ಚಲ ಬಸುರಿ ತವರಿಗೆ ಹೋದರೆ ಮನಸ್ಸು ಹಗುರಾಗಿ ಹೆರಿಗೆ ಬೇಗ ಆಗುತ್ತದೆ, ಶಾಸ್ತ್ರದಲ್ಲೇ ಇದೆ. ಹಾಗಾದರೆ ಸೇತುವೆಯನ್ನು ತವರಿಗೆ ಕಳಿಸಿ ಅಂದಳು ದ್ಯಾವೀರಮ್ಮ. ಸರಿ, ಸೇತುವೆಯ ತವರು ಯಾವುದು? ಅದನ್ನು ತೀರ್ಮಾನಿಸಬೇಕಾದವರು ರಾಜರೇ ಅಂದರು.

ಇಬ್ಬರು ರಾಜರೂ ಸೇತುವೆಯ ಎರಡು ತುದಿಗೆ ಬಂದು ನಿಂತರು. ಅವತ್ತು ಬೆಟ್ಟರಸ ಬಲಕ್ಕೆ ವಾಲಿದ್ದ. ಸಿಂಗರಸನ ನೆರಳು ಚಾಪೆಯ ಅಂಚು ದಾಟಿ ನೀರಿಗೆ ಬಿದ್ದು, ಅದಕ್ಕೆ ಶೀತ ಆಗಿ ರಾಜ ಸೀನುತ್ತಿದ್ದ. ಮೊದಲ ಕಲ್ಲು ಇಟ್ಟವರು ನಾವು, ನಾವೇ ತವರು ಅಂದ ಬೆಟ್ಟರಸ. ಕೊನೆಯ ಕಲ್ಲು ಇಟ್ಟವರು ನಾವು, ನಾವೇ ತವರು ಅಂದ ಸಿಂಗರಸ. ರಾಜರ ಮಾತಿಗೆ ಹೊಳೆ ಗೊಣಗುವುದನ್ನು ನಿಲ್ಲಿಸಿತ್ತು. ಅದು ಜಗಳ ಕೇಳುವುದನ್ನು ಯಾವತ್ತೂ ತಪ್ಪಿಸುತ್ತಿರಲಿಲ್ಲ.

ಆಗ ಪಂಡಿತ ನಡುವೆ ಬಾಯಿ ಹಾಕಿದ. ತವರು ಅಂದರೆ ಬಾಣಂತನವೂ ಅವರದೇ, ಬಾಣಂತಿಗೆ ದಿನಾ ಬಿಸಿನೀರು ಎರೆಯಬೇಕು ಅಂದ. ಆಗಲಿ ಅಂದರು ರಾಜರು. ಇಷ್ಟುದ್ದದ ಬಾಣಂತಿಗೆ ಹಂಡೆ ನೀರು ಸಾಲದು, ಹೊಳೆಯನ್ನೇ ಕಾಯಿಸಬೇಕು ಅಂದ. ರಾಜರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಟ್ಟರಸ ಕೆಮ್ಮಿದ. ನೋಡಿದರೆ ನಾವು ಗಂಡನ ಮನೆ ಅನ್ನಿಸುತ್ತದೆ ಅಂದ. ನಾವೂ ಗಂಡನ ಮನೆಯೇ ಅಂದ ಸಿಂಗರಸ. ಹುಟ್ಟಿದ ಮಗು ಗಂಡನ ಮನೆಗೇ ಸೇರುವುದು, ಮಗು ನಮ್ಮದು ಅಂದ ಇವನು. ನಮ್ಮದು ಅಂದ ಅವನು. ಅಷ್ಟರಲ್ಲಿ ಸೇತುವೆ ಸಣ್ಣ ದನಿಯಲ್ಲಿ, ನನ್ನ ಗಂಡನ ಮನೆ ಆಕಾಶದಲ್ಲಿದೆ ಸ್ವಾಮಿ ಅಂತು. ತವರಾದರೆ ಹೊಳೆ ಕಾಯಿಸಬೇಕು, ಗಂಡನ ಮನೆಯಾದರೆ ಮಗು ಆಕಾಶದ್ದು. ಇದರಲ್ಲಿ ಲಾಭವಿಲ್ಲ ಅಂತ ಇಬ್ಬರಿಗೂ ತಿಳಿಯಿತು. ಒಬ್ಬ ಮೀಸೆ ತೂಗಿಸಲು ಹೋದ, ಇನ್ನೊಬ್ಬ ನೆರಳಿಗೆ ಕಷಾಯ ಕುಡಿಸಲು ಹೋದ.

ಎಲ್ಲರೂ ಹೋದ ಮೇಲೆ ಸೇತುವೆ ಅಳಲು ಶುರು ಮಾಡಿತು. ಸಂದಿ ಸಂದಿಯಿಂದ ತೊಟ್ಟಿಕ್ಕಿತು. ದ್ಯಾವೀರಮ್ಮ ದಡದಲ್ಲೇ ಕುಕ್ಕೆ ಪಕ್ಕ ಕೂತಿದ್ದಳು. ಅವಳಿಗೆ ಮೊದಲು ಸಿಟ್ಟೇ ಬಂತು. ಊರಲ್ಲಿ ಇಷ್ಟು ಕಟ್ಟಡ ಇವೆ, ಛತ್ರ ಇದೆ, ಕೋಟೆ ಇದೆ, ಯಾವುದಾದರೂ ಬಸುರಾಯಿತಾ? ನಿನಗೇ ಆಗಬೇಕಿತ್ತಾ, ಅದೂ ನನ್ನ ಮಗಳಿಗೆ ಆದ ತಿಂಗಳೇ ಆಗಬೇಕಿತ್ತಾ ಅಂತ ಮನಸ್ಸಿನಲ್ಲೇ ಬೈದಳು. ಬೈಯುತ್ತ ಬೈಯುತ್ತ ಆ ಅಳು ಕೇಳಿಸಿಕೊಂಡಳು. ಅದು ಚೆಲುವಿಯ ಅಳುವಿನಂತೆಯೇ ಇತ್ತು. ತುಂಬಿದ ಬಸುರಿ, ಕರೆಯುವವರು ಯಾರೂ ಇಲ್ಲ.

ಅವಳು ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಅಳಬೇಡ ಸುಮ್ಮನಿರು," ಅಂದಳು. "ತವರಿಲ್ಲದವಳಿಗೆ ನಾನೇ ತವರು. ಇವತ್ತಿಂದ ನೀನು ನನ್ನ ಕಿರಿಮಗಳು."

ಹಾಗಂದು ಕುಕ್ಕೆ ಬಿಚ್ಚಿದಳು. ಹಸಿರು ಸೀರೆಯನ್ನು ಸೇತುವೆಯ ಕೈಪಿಡಿಗೆ ಸುತ್ತಿದಳು. ಬಳೆಗಳನ್ನು ಒಂದೊಂದು ಕಂಬಿಗೆ ತೊಡಿಸಿದಳು. ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲ ಸೇತುವೆಯ ಮಡಿಲಿಗೆ ಹಾಕಿದಳು. ಸೇತುವೆಗೆ ಮಡಿಲು ಎಲ್ಲಿರುತ್ತದೆ ಅಂತ ಆ ಮೂಲೆಯಲ್ಲಿ ಯಾರೋ ಪಿಸುಗುಟ್ಟಿದಿರಿ. ಅಳುವ ಹೆಣ್ಣಿನ ಮಡಿಲು ಎಲ್ಲಿರುತ್ತದೆ ಅಂತ ತಾಯಿಗೆ ಗೊತ್ತಿರುತ್ತದೆ, ನಿಮಗೇಕೆ ಆ ಉಸಾಬರಿ. ಚಿಗಳಿ ಕೊಟ್ಟಳು, ಜೊತೆಗೆ ಇಟ್ಟಿಗೆ ಚೂರೂ ಕೊಟ್ಟಳು. ಸೇತುವೆ ಚಪ್ಪರಿಸಿಕೊಂಡು ತಿಂದಿತು.

ಊರವರು ಬಂದು ಸುತ್ತ ನಿಂತರು. ಚೆಲುವಿಗೆ ಅಂತ ತಂದದ್ದನ್ನು ಇದಕ್ಕೆ ಸುರಿದೆಯಲ್ಲ, ನಿನಗೆ ಬುದ್ಧಿ ನೆಟ್ಟಗಿದೆಯಾ ಅಂದರು. ಸೇತುವೆ ನಿನ್ನ ಮನೆಗೆ ಬಂದು ಕೂತರೆ ಹೊಳೆ ಮೇಲೆ ಏನಿರುತ್ತದೆ, ಹೆತ್ತ ಮಗಳು ಆಚೆಯೇ ಉಳಿಯುವುದಿಲ್ಲವೇ ಅಂದರು. ದ್ಯಾವೀರಮ್ಮನಿಗೆ ಅದು ಹೊಳೆದಿರಲಿಲ್ಲ ಅಂತಲ್ಲ. ಬಳೆ ತೊಡಿಸುವಾಗಲೇ ಹೊಳೆದಿತ್ತು. ಆದರೂ ಮಡಿಲು ತುಂಬಿ ಆಗಿತ್ತು. ತುಂಬಿದ ಮಡಿಲನ್ನು ವಾಪಸ್ ಬರಿದು ಮಾಡುವ ಪದ್ಧತಿ ಯಾವ ದೇಶದಲ್ಲೂ ಇಲ್ಲ. ಕರೆದ ಮೇಲೆ ಕರೆದುಕೊಂಡು ಹೋಗಲೇಬೇಕು ಅಂದಳು. ಅಂದವಳು ಆಚೆ ದಡದ ಕಡೆ ಮಾತ್ರ ನೋಡಲಿಲ್ಲ.

"ನಡಿ ಮಗಳೇ, ಮನೆಗೆ ಹೋಗೋಣ," ಅಂದಳು.

ಸೇತುವೆ ಉಸ್ಸಪ್ಪಾ ಅಂತ ಎದ್ದಿತು. ಹೊಳೆಗೆ ಬೆನ್ನ ಮೇಲಿನ ಹೊರೆ ಇಳಿದಂತಾಗಿ ಅದು ಒಂದು ಸಲ ಮೈ ಮುರಿಯಿತು. ದ್ಯಾವೀರಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಆಚೆ ದಡದಿಂದ ಸೇತುವೆಯ ಕಾಲು ಕಿತ್ತ ಸದ್ದು ಕೇಳಿಸಿತು. ಆ ಸದ್ದು ಅವಳ ಹೊಟ್ಟೆಯೊಳಗೇ ಆಯಿತು. ಇನ್ನು ಮಗಳ ಮುಖ ನೋಡುವುದು ಯಾವಾಗಲೋ, ಅವಳು ಹೆರುವಾಗ ತಲೆ ಹಿಡಿದುಕೊಳ್ಳುವವರು ಯಾರೋ ಅಂತ ತುಟಿ ಕಚ್ಚಿಕೊಂಡಳು. ಧಡ್ ಅಂತ ಆ ಕಾಲು ಈಚೆ ದಡಕ್ಕೆ ಬಂದು ಊರಿತು. ಕಣ್ಣು ಬಿಟ್ಟರೆ ಸೇತುವೆಯ ತುದಿಯಲ್ಲಿ ಚೆಲುವಿ ನಿಂತಿದ್ದಳು, ಹೊಟ್ಟೆ ಮುಂದೆ, ಬಟ್ಟೆಯ ಗಂಟು ಕಂಕುಳಲ್ಲಿ.

"ಅಕ್ಕನ್ನ ಅಲ್ಲೇ ಬಿಟ್ಟು ನಾನೊಬ್ಬಳೇ ತವರಿಗೆ ಬರೋದು ಹೆಂಗವ್ವಾ?" ಅಂತು ಸೇತುವೆ.

ದ್ಯಾವೀರಮ್ಮ ಹೋಗಿ ಚೆಲುವಿಯನ್ನು ತಬ್ಬಿಕೊಂಡಳು, ಇನ್ನೊಂದು ಕೈ ಸೇತುವೆ ಮೇಲೆ ಇಟ್ಟಳು, ಚೆನ್ನಾಗಿ ಅತ್ತಳು. ಬಸುರಿ ಮೇಲೆ ಕಾಲಿಟ್ಟು ನಡೆಯಬಾರದು ಅಂತ ತಾನೇ ಡಂಗುರ ಹೊಡೆಸಿದ್ದು ಅಂತ ಪಂಡಿತ ಓಡಿಬಂದ. ನಾನು ನಡೆಯಲಿಲ್ಲ, ನಿಂತೇ ಇದ್ದೆ, ನಡೆದದ್ದು ನನ್ನ ತಂಗಿ ಅಂದಳು ಚೆಲುವಿ. ಪಂಡಿತ ತಲೆ ಕೆರೆದುಕೊಂಡು ಇನ್ನೊಂದು ತೆಗೆದ. ಒಂದೇ ಸೂರಿನಡಿ ಇಬ್ಬರು ಬಸುರಿಯರು ಇರಬಾರದು ಅಂದ. ಈ ಬಸುರಿ ಯಾವ ಸೂರಿನಡಿ ಹಿಡಿಸುತ್ತಾಳೆ ತೋರಿಸಿ ಅಂದಳು ದ್ಯಾವೀರಮ್ಮ. ಪಂಡಿತ ಸೇತುವೆಯನ್ನು ನೋಡಿದ, ಸೂರನ್ನು ನೋಡಿದ, ಊಟದ ಹೊತ್ತಾಯಿತು ಅಂತ ಹೊರಟುಹೋದ.

ಸೇತುವೆ ದ್ಯಾವೀರಮ್ಮನ ಅಂಗಳದಲ್ಲಿ ಮಗ್ಗುಲಾಗಿ ಮಲಗಿತು. ಅಂಗಳ ಸಾಲದೆ ಪಕ್ಕದ ಬೀದಿಗೂ ಚಾಚಿತು. ಯಾರೂ ಚಕಾರ ಎತ್ತಲಿಲ್ಲ, ಬಸುರಿಯಲ್ಲವೇ. ದಿನ ತುಂಬಿದ ಮೇಲೆ ಚೆಲುವಿಗೆ ಹೆಣ್ಣು ಮಗು ಹುಟ್ಟಿತು. ಆ ಮಗು ಅತ್ತಿತು, ಅದನ್ನು ಕೇಳಿ ಸೇತುವೆಗೂ ನೋವು ಬಂತು, ಅದಕ್ಕೊಂದು ಮರಿಸೇತುವೆ ಹುಟ್ಟಿತು. ಅಚ್ಚುಕಟ್ಟಾದ ಕಮಾನು, ಬೆರಳಿನಷ್ಟೇ ಕೈಪಿಡಿ. ತೊಟ್ಟಿಲಲ್ಲಿ ಹಾಕಿದರೆ ತೊಟ್ಟಿಲಿಂದ ನೆಲಕ್ಕೆ ಚಾಚುವುದು. ಅಂಬೆಗಾಲಿಟ್ಟರೆ ಈ ಮನೆ ಹೊಸ್ತಿಲಿಂದ ಆ ಮನೆ ಹೊಸ್ತಿಲಿಗೆ ಚಾಚುವುದು. ಮಾತು ಬಿಟ್ಟ ಮನೆಗಳ ಮಧ್ಯೆಯೂ ಚಾಚಿ ಕೂರುತ್ತಿತ್ತು, ಕೂಸನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಬಾಣಂತಿಯ ನೀರಿನ ಮಾತು ಕೇಳಿ. ದ್ಯಾವೀರಮ್ಮ ತನ್ನ ಪುರಿಭಟ್ಟಿಯನ್ನೇ ದಡಕ್ಕೆ ತಂದು ಉರಿ ಹಾಕಿದಳು. ಊರವರು ಸೌದೆ ತಂದರು. ಈಚೆ ದಡದ ನೀರು ಕಾಯಿತು, ಆಚೆ ದಡದ ನೀರು ತಣ್ಣಗೇ ಉಳಿಯಿತು. ಅರೆಕಾದ ನೀರು ಬಾಣಂತಿಗೆ ಆಗದು. ಈಚೆಯ ಉರಿ ಆಚೆಯವರ ಕಣ್ಣಿಗೆ ಬಿದ್ದದ್ದೇ ತಡ, ಚೆಲುವಿಯ ಗಂಡ ಮೂರ್ಛೆಯಿಂದ ಎದ್ದು, ನನ್ನ ಹೆಂಡತಿ ಮಗು ಅಲ್ಲಿದ್ದಾರೆ, ಬಾಣಂತನ ಬೇಗ ಮುಗಿಯಬೇಕು ಅಂತ ಊರನ್ನೆಲ್ಲ ಎಬ್ಬಿಸಿ ಆಚೆ ದಡದಲ್ಲೂ ಉರಿ ಹಾಕಿಸಿದ. ಎರಡು ದೇಶದ ಉರಿಯಲ್ಲಿ ಒಂದು ಹೊಳೆ ಕಾಯಿತು. ಬೆಚ್ಚಗಾದ ಮೇಲೆ ಹೊಳೆ ಗೊಣಗುವುದನ್ನೇ ಬಿಟ್ಟಿತು. ಪಾಪ, ಅಷ್ಟು ವರ್ಷವೂ ಅದಕ್ಕೆ ಥಂಡಿಗೆ ಕೀಲು ನೋಯುತ್ತಿತ್ತು, ಯಾರೂ ಕೇಳಿರಲಿಲ್ಲ.

ಬಾಣಂತನ ಮುಗಿಯಿತು. ಹೆಣ್ಣು ಮಕ್ಕಳನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳುವುದು, ಕಳಿಸಲೇಬೇಕು. ಸೇತುವೆ ಮರಿಯನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಮೊದಲಿನ ಜಾಗಕ್ಕೆ ಹೋಗಿ ಮಲಗಿತು. ಒಂದು ಕಾಲು ಈಚೆ, ಒಂದು ಕಾಲು ಆಚೆ. ಚೆಲುವಿ ಕೂಸನ್ನು ಎತ್ತಿಕೊಂಡು, ತಂಗಿಯನ್ನು ಸವರಿ, ಬರಿಗಾಲಿನಲ್ಲಿ ಮೆಲ್ಲಗೆ ದಾಟಿ ಹೋದಳು. ದ್ಯಾವೀರಮ್ಮ ಈಚೆ ತುದಿಯಲ್ಲೇ ನಿಂತುಬಿಟ್ಟಳು. ಅವಳಿಗೆ ಕಾಲು ಎತ್ತಲು ಆಗಲಿಲ್ಲ. ಮೊದಲಾದರೆ ಅದು ಸೇತುವೆ, ಈಗ ಮಗಳು. ಹೆತ್ತವಳು ಮಗಳ ಮೇಲೆ ಕಾಲಿಡುವುದು ಹೇಗೆ? ಆಚೆ ಕೂಸು ಕೈ ಬೀಸುತ್ತಿತ್ತು. ಅವಳು ಕಣ್ಣು ತುಂಬಿಕೊಂಡು ಮನೆ ಕಡೆ ತಿರುಗಿದಳು.

"ಎಲ್ಲಿಗೆ ಹೊರಟೆ ಅವ್ವಾ?" ಅಂತು ಸೇತುವೆ. "ಹೆತ್ತ ಮೇಲಿಂದ ಬೆನ್ನು ಒಂದೇ ಸಮ ನೋಯ್ತದೆ. ಮೇಲೆ ಹತ್ತಿ ಒಂಚೂರು ತುಳಿಯಬಾರದಾ?"

ದ್ಯಾವೀರಮ್ಮ ನಿಂತಳು. ಬಾಣಂತಿ ಬೆನ್ನು ತುಳಿಯುವುದು ತಾಯಿಯ ಕೆಲಸವೇ. ಅವಳು ಹತ್ತಿ ಮೆತ್ತಗೆ ತುಳಿದಳು. ಅರ್ಧಕ್ಕೆ ಬಂದು ಸಾಕಾ ಅಂದಳು. ಅರ್ಧ ಬೆನ್ನು ತುಳಿದರೆ ನೋವು ಇನ್ನರ್ಧಕ್ಕೆ ಹೋಗಿ ಕೂರುತ್ತೆ ಅಂತು ಸೇತುವೆ. ಪೂರ್ತಿ ತುಳಿದಳು. ಪೂರ್ತಿ ತುಳಿದು ಇಳಿದರೆ ಆಚೆ ದೇಶ, ಚೆಲುವಿಯ ಬಾಗಿಲು. ಮೊಮ್ಮಗಳನ್ನು ಎತ್ತಿಕೊಂಡಳು, ಎರಡು ತುತ್ತು ಉಂಡಳು, ತುಳಿದುಕೊಂಡು ವಾಪಸ್ ಬಂದಳು. ಮಾರನೆಯ ದಿನ ಬೆನ್ನು ಮತ್ತೆ ನೋವು. ಅದರ ಮಾರನೆಯ ದಿನವೂ ನೋವು.

ಇಷ್ಟುದ್ದದ ಬೆನ್ನಿಗೆ ಒಬ್ಬಳ ಎರಡು ಕಾಲು ಸಾಲುತ್ತವೆಯೇ? ಊರವರೆಲ್ಲ ತುಳಿಯಬೇಕು ಅಂತ ಎರಡೂ ಕಡೆ ಡಂಗುರ ಆಯಿತು. ಈ ಸಲ ಎರಡಕ್ಕೂ ಒಂದೇ ತಮಟೆ, ಬೇರೆ ಬೇರೆ ಅಂತ ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ, ಎಲ್ಲರೂ ತುಳಿಯಲು ಹೊರಟಿದ್ದರು. ಈಚೆಯವರು ಆಚೆ ಹೋಗಿ ಮಂಡಕ್ಕಿ ತಿಂದರು, ಆಚೆಯವರು ಈಚೆ ಬಂದು ಕಡ್ಲೆಪುರಿ ತಿಂದರು. ತಿಂದು ಇಬ್ಬರೂ ಸುಮ್ಮನಾದರು. ಬೆಟ್ಟರಸನೂ ತುಳಿದ, ಸಿಂಗರಸನೂ ತುಳಿದ, ನಡುವೆ ಎದುರಾದಾಗ ಸ್ವಲ್ಪ ಸರಿಯಪ್ಪಾ ಅಂತ ಇಬ್ಬರೂ ಸರಿದುಕೊಂಡರು.

ಅವತ್ತಿಂದ ಇವತ್ತಿನವರೆಗೆ ಆ ಬಾಣಂತಿಯ ಬೆನ್ನುನೋವು ವಾಸಿಯಾಗಿಲ್ಲ. ಹಗಲೆಲ್ಲ ಜನ ತುಳಿಯುತ್ತಲೇ ಇದ್ದಾರೆ. ನಿಜವಾಗಿ ನೋವು ಇದೆಯೋ ಇಲ್ಲವೋ ಅಂತ ದ್ಯಾವೀರಮ್ಮ ಒಂದು ದಿನವೂ ಕೇಳಲಿಲ್ಲ. ತಾಯಂದಿರು ಅಂಥದ್ದನ್ನೆಲ್ಲ ಕೇಳುವುದಿಲ್ಲ.

ಇದರ ನೀತಿ ಏನಪ್ಪಾ ಅಂದರೆ, ಎರಡು ದೇಶಗಳ ನಡುವೆ ಒಂದು ಬೆನ್ನುನೋವು ಇರುವುದು ಒಳ್ಳೆಯದು. ಕತೆ ಆಚೆ ದಡಕ್ಕೆ ಹೋಯಿತು, ಕತೆ ಹೇಳಿದವರಿಗೆ ಬಾಯಿ ಒಣಗಿತು. ಏಳಿ, ಒಬ್ಬರು ನೀರು ತನ್ನಿ, ಉಳಿದವರು ಹೋಗಿ ನಿಮ್ಮ ನಿಮ್ಮ ಅವ್ವಂದಿರನ್ನು ನೋಡಿಕೊಂಡು ಬನ್ನಿ.